ಬಿದ್ದರೆ ಪೂರ್ತಿ ಬೀಳಬೇಕು

ಮನೆ ಬೀಳುವುದಕ್ಕೂ ಒಂದು ಲೆಕ್ಕಾಚಾರವಿದೆ. ಪೂರ್ತಿ ಬಿದ್ದವರಿಗೆ ಸರ್ಕಾರ ಇದೆ. ಬೀಳದೆ ನಿಂತವರಿಗೆ ಬ್ಯಾಂಕು ಇದೆ. ಅರ್ಧಂಬರ್ಧ ಬಿದ್ದವರಿಗೆ ಇರುವುದು ನೆಂಟರಿಷ್ಟರ ಬುದ್ಧಿಮಾತು ಮಾತ್ರ. ನಾನು ಈ ಮೂರನೇ ಪಂಗಡದವನು. ಮಲೆನಾಡಿನ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಹೇಳಿಕೊಡುವ ಅತಿಥಿ ಶಿಕ್ಷಕ. ಬೇಸಿಗೆ ರಜೆಯಲ್ಲಿ ಗೌರವಧನವಿಲ್ಲ. ಉಳಿದ ತಿಂಗಳುಗಳದ್ದು ಬರುತ್ತದೆ, ಆದರೆ ಯಾವ ತಿಂಗಳದ್ದು ಯಾವ ತಿಂಗಳಲ್ಲಿ ಎಂದು ಕೇಳಬಾರದು.

ಮನೆ ಅಜ್ಜ ಕಟ್ಟಿಸಿದ್ದು. ಗೋಡೆ ಮಣ್ಣಿನದು, ಮಾಡು ಮಂಗಳೂರು ಹಂಚಿನದು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ, ಸೋಗೆ ಮತ್ತು ಹುಲ್ಲು ಹೊದ್ದಿದ್ದ ಮಲೆನಾಡಿನ ಮನೆಗಳು ನಿಧಾನಕ್ಕೆ ಒಂದೊಂದಾಗಿ ಕೆಂಪಾದವು. ನಮ್ಮಜ್ಜನೂ ಆ ಹಂಚನ್ನು ಘಟ್ಟ ಹತ್ತಿಸಿ ತರಿಸಿದ. ಕೇರಿಗೆ ಮೊದಲ ಹಂಚಿನ ಮನೆ ತನ್ನದೇ ಎಂದು ಸಾಯುವ ತನಕ ಬಂದವರಿಗೆಲ್ಲ ಹೇಳಿದ. ಆ ಹೆಮ್ಮೆಯ ಬಿಲ್ಲು ಎರಡು ತಲೆಮಾರು ದಾಟಿ ಮೊಮ್ಮಗನ ಕೈಗೆ ಬರುತ್ತದೆಂದು ಪಾಪ, ಅವನಿಗೇನು ಗೊತ್ತು?

ಈ ಹಂಚಿಗೆ ಮಳೆ ಶತ್ರುವಲ್ಲ. ಶತ್ರು ಮಂಗ. ಹಲಸಿನ ಮರದಿಂದ ಹಿಂಡು ಹಿಂಡಾಗಿ ಮಾಡಿಗೆ ಹಾರುತ್ತವೆ. ಮರಿಗಳು ಆಟಕ್ಕೆ ಓಡುತ್ತವೆ, ದೊಡ್ಡವು ಹಂಚೆತ್ತಿ ಒಳಗೆ ಏನು ಅಡುಗೆ ಎಂದು ಇಣುಕುತ್ತವೆ. ಓಡಿಸೋಣವೆಂದರೆ ಅವು ಓಡುವುದೂ ಮಾಡಿನ ಮೇಲೆಯೇ. ಆದ್ದರಿಂದ ನಾನು ಎಷ್ಟು ಶೌರ್ಯ ತೋರಿಸಿದೆನೋ ಅಷ್ಟೇ ಹಂಚು ಒಡೆಯಿತು. ಒಡೆದ ಸಂದಿಯಿಂದ ಇಳಿದ ನೀರು ಪಕಾಸನ್ನು ನೆನೆಸಿತು, ನೆನೆದ ಪಕಾಸಿಗೆ ಒರಲೆ ಬಂತು.

2022ರ ಮೇ ತಿಂಗಳಲ್ಲಿ ಆಚಾರ್ರನ್ನು ಕರೆಸಿದೆ. ಅವರು ಏಣಿ ಹತ್ತಿ, ಸೊಂಟದ ಚೂರಿ ತೆಗೆದು ಪಕಾಸಿಗೆ ಚುಚ್ಚಿದರು. ಚೂರಿ ಹಿಡಿಯ ತನಕ ಒಳಗೆ ಹೋಯಿತು.

"ಮೇಷ್ಟ್ರೇ, ಇದು ನಿಂತಿರೋದು ಮರದ ಬಲದಿಂದಲ್ಲ. ಅಭ್ಯಾಸ ಬಲದಿಂದ."

"ಎಷ್ಟಾಗ್ತದೆ ಆಚಾರ್ರೇ?"

"ಮರ, ರೀಪು, ಹಂಚು, ಕೂಲಿ, ಎಲ್ಲ ಸೇರಿ ಒಂದು ಲಕ್ಷದ ಮೇಲೆ ಹತ್ತು ಸಾವಿರ ಇಟ್ಕೊಳಿ."

ಇಟ್ಟುಕೊಳ್ಳಲು ನನ್ನಲ್ಲಿ ಅಡ್ಡಿಯೇನಿರಲಿಲ್ಲ, ಯಾರಾದರೂ ಕೊಟ್ಟಿದ್ದರೆ. ನನ್ನ ಗೌರವಧನ ಆ ವರ್ಷವೇ 8,000ದಿಂದ 10,500 ರೂಪಾಯಿಗೆ ಏರಿತ್ತು. ಊಟ, ಬಟ್ಟೆ, ಮಗಳ ಓದು ಎಲ್ಲ ಬಿಟ್ಟರೆ ಹತ್ತೂವರೆ ತಿಂಗಳಲ್ಲಿ ಮಾಡು ಸಿದ್ಧ ಎಂದು ಲೆಕ್ಕ ಹಾಕಿದೆ. ಹೆಂಡತಿ, "ಮಾಡು ಸಿದ್ಧ ಆಗ್ತದೆ, ಕೆಳಗೆ ಕೂರೋಕೆ ನಾವು ಇರಲ್ಲ" ಎಂದಳು.

ಸರ್ಕಾರ ಮನೆಗೆ ದುಡ್ಡು ಕೊಡುತ್ತದೆ ಎಂದು ಎಲ್ಲರಿಗೂ ಗೊತ್ತು. ಪ್ರಧಾನಮಂತ್ರಿ ಆವಾಸ್ ಯೋಜನೆ ಇದೆ, ಬಸವ ವಸತಿ ಇದೆ, ಅಂಬೇಡ್ಕರ್ ನಿವಾಸ್ ಇದೆ. ನಾನು ಒಗೆದ ಅಂಗಿ ತೊಟ್ಟು ಪಂಚಾಯ್ತಿಗೆ ಹೋದೆ. ಅಲ್ಲಿಯ ಹುಡುಗ ನನ್ನ ಹಳೆಯ ವಿದ್ಯಾರ್ಥಿ. ಸಂಧಿ, ಸಮಾಸ ಎಂದರೆ ನಡುಗುತ್ತಿದ್ದವನು. ಈಗ ಕುರ್ಚಿ ಅವನದು, ನಡುಕ ನನ್ನದು.

"ಸಾರ್, ಇದು ಹೊಸ ಮನೆ ಕಟ್ಟೋಕೆ. ಬಯಲು ಸೀಮೆಗೆ 1,20,000, ಗುಡ್ಡಗಾಡಿಗೆ 1,30,000. ಹಳೇ ಮನೆ ರಿಪೇರಿಗೆ ಬರಲ್ಲ."

"ಹಾಗಾದ್ರೆ ಹೊಸದೇ ಕಟ್ತೀನಿ ಬಿಡಪ್ಪ."

"ಅದಕ್ಕೆ ಈಗಿರೋ ಮನೆ ಕಚ್ಚಾ ಆಗಿರಬೇಕು ಸಾರ್. ಗೋಡೇನೂ ಕಚ್ಚಾ, ಮಾಡೂ ಕಚ್ಚಾ. ನಿಮ್ಮದು ಎಂಥ ಹಂಚು?"

"ಮಂಗಳೂರು ಹಂಚು!" ಅಜ್ಜನ ದನಿ ನನ್ನ ಗಂಟಲಿನಿಂದ ಹೊರಟಿತು.

"ಕೈಹಂಚಾದ್ರೆ ಕಚ್ಚಾ. ಯಂತ್ರದ ಹಂಚಾದ್ರೆ ಪಕ್ಕಾ. ನಿಮ್ಮದು ಪಕ್ಕಾ ಮನೆ ಸಾರ್."

ಬೆನ್ನ ಹಿಂದೆಯೇ ಉಳಿದ ಪ್ರಶ್ನೆಗಳೂ ಬಂದವು. ಮನೆಯಲ್ಲಿ ಯಾರಾದರೂ ತಿಂಗಳಿಗೆ 10,000 ರೂಪಾಯಿಗಿಂತ ಹೆಚ್ಚು ದುಡಿಯುತ್ತಾರೆಯೇ? ದುಡಿಯುತ್ತಾರೆ, 500 ಹೆಚ್ಚು. ಹಿಂದಿನ ವರ್ಷವೇ ಮಾಡು ಹಾಳಾಗಿದ್ದರೆ 2,000 ರೂಪಾಯಿ ಕೆಳಗಿದ್ದು ಮಾನ ಉಳಿಸಿಕೊಳ್ಳುತ್ತಿದ್ದೆ. ಮೋಟಾರು ವಾಹನ? ಇಳಿಜಾರಿನಲ್ಲಿ ಮಾತ್ರ ಓಡುವ ಒಂದು ಮೊಪೆಡ್. ಮೀನು ಹಿಡಿಯುವ ದೋಣಿ? ಅದೊಂದು ಇರಲಿಲ್ಲ, ದೇವರ ದಯೆ. ಸ್ಥಿರ ದೂರವಾಣಿ? ಇದೆ. ಅದು ಸತ್ತು ವರ್ಷಗಳಾಗಿವೆ. ಅದರ ತಲೆಗೆ ಬೀಗದ ಕೈ ನೇತು ಹಾಕುತ್ತೇವೆ. ಆದರೆ ಬದುಕಿದ್ದದ್ದೋ ಸತ್ತದ್ದೋ ಎಂದು ನಮೂನೆಯಲ್ಲಿ ಕೇಳಿರಲಿಲ್ಲ. ಬಡವನಾಗಿ ಒಳಗೆ ಹೋದವನು ಕೋಣೆಯಿಂದ ಹೊರಬರುವಾಗ ಶ್ರೀಮಂತನಾಗಿದ್ದೆ. ಇಷ್ಟು ಆಸ್ತಿ ಇದೆಯೆಂದು ಮೊದಲೇ ಗೊತ್ತಿದ್ದರೆ ಮದುವೆಯಲ್ಲಿ ಸ್ವಲ್ಪ ಬಿಗುಮಾನ ತೋರಿಸಬಹುದಿತ್ತು. (2024ರಲ್ಲಿ ಆದಾಯದ ಮಿತಿ 15,000ಕ್ಕೆ ಏರಿ, ದ್ವಿಚಕ್ರ ವಾಹನ, ಫ್ರಿಜ್ಜು, ಸ್ಥಿರ ದೂರವಾಣಿಗಳ ಅಡ್ಡಿ ತೆಗೆದುಹಾಕಿದರು. ಅಜ್ಜನ ಹಂಚು ಮಾತ್ರ ಅಲ್ಲಾಡಲಿಲ್ಲ.)

ಜುಲೈಯಲ್ಲಿ ಪುನರ್ವಸು ಮಳೆ ಹಿಡಿಯಿತು. ಪಡುವಣ ಗೋಡೆಗೆ ಸೋಗೆ ತಟ್ಟಿ ಕಟ್ಟಿದ್ದೆವು. ಆದರೆ ನೀರು ಹೊರಗಿನಿಂದ ಬರಲಿಲ್ಲ, ಮಾಡಿನಿಂದ ಗೋಡೆಯ ಒಳಗೇ ಇಳಿಯಿತು. ಒಂದು ನಡುರಾತ್ರಿ ಅಡುಗೆಮನೆಯ ಮೂಲೆ ದಡ್ಡೆಂದು ಸೌದೆ ರಾಶಿಯ ಮೇಲೆ ಕೂತಿತು. ಹೆಂಡತಿ ಕಿರುಚಿದಳು. ನಾನೂ ಕಿರುಚಿದೆ. ಅವಳದು ಭಯದ ಕೂಗು, ನನ್ನದರಲ್ಲಿ ಸ್ವಲ್ಪ ಸಂತೋಷವೂ ಬೆರೆತಿತ್ತು. ಮಳೆಗೆ ಬಿದ್ದ ಮನೆಗೆ ಪರಿಹಾರ ಇದೆಯಲ್ಲ!

2019ರ ನೆರೆಯ ನಂತರ ರಾಜ್ಯದಲ್ಲಿ ಅದಕ್ಕೊಂದು ಕ್ರಮ ಬಂದಿತ್ತು. ಶೇ 75ಕ್ಕಿಂತ ಹೆಚ್ಚು ಹಾನಿಯಾದರೆ 'ಎ' ವರ್ಗ, 5 ಲಕ್ಷ. ಶೇ 25ರಿಂದ 75 'ಬಿ', ದುರಸ್ತಿಗೆ 3 ಲಕ್ಷ. ಶೇ 15ರಿಂದ 25 'ಸಿ', 50,000. ಕೇಂದ್ರದ ಮಾನದಂಡದಲ್ಲಿ ಭಾಗಶಃ ಬಿದ್ದ ಪಕ್ಕಾ ಮನೆಗೆ ಆಗ ಇದ್ದದ್ದು 5,200 ರೂಪಾಯಿ, ಕಚ್ಚಾ ಮನೆಗೆ 3,200. ಹಾಗಾಗಿ ರಾಜ್ಯದ ಈ 'ಸಿ' ನನ್ನ ಕಣ್ಣಿಗೆ ಕಾಮಧೇನು. ಶಾಲೆಯಲ್ಲಿ ಸಿ ಗ್ರೇಡು ಬಂದ ಮಕ್ಕಳಿಗೆ ಎಷ್ಟೋ ಉಪದೇಶ ಮಾಡಿದವನು, ಆ ದಿನ ದೇವರಿಗೆ ಸಿ ಗ್ರೇಡು ಕೊಡಿಸಪ್ಪ ಎಂದು ಕಾಯಿ ಹೇಳಿಕೊಂಡೆ.

ಅರ್ಜಿ ಬರೆಯುವುದರಲ್ಲಿ ನನಗೊಂದು ಅಭಿಮಾನವಿದೆ. ಊರಲ್ಲಿ ಅಷ್ಟು ಚಂದದ ಅಕ್ಷರ ಯಾರದೂ ಇಲ್ಲ. ಮೂರು ಪುಟ ಬರೆದೆ. ಮೊದಲ ಪುಟದಲ್ಲಿ ಸಹ್ಯಾದ್ರಿಯ ಮಳೆ, ಎರಡನೆಯದರಲ್ಲಿ ಅಜ್ಜನ ಶ್ರಮ, ಮೂರನೆಯದರಲ್ಲಿ ಗೋಡೆಯ ಅವಸಾನ. "ವರುಣನ ರುದ್ರತಾಂಡವಕ್ಕೆ ಸಿಲುಕಿ ಧರಾಶಾಯಿಯಾದ ಈ ಬಡವನ ಕುಟೀರವು" ಎಂಬ ಸಾಲು ಬಂದಾಗ ನನಗೇ ಕಣ್ಣು ಒದ್ದೆಯಾಯಿತು.

ಕಂದಾಯ ಕಚೇರಿಯ ಗುಮಾಸ್ತರು ಮೂರೂ ಪುಟ ತಿರುವಿ, ಹಿಂಬದಿಯನ್ನೂ ನೋಡಿದರು.

"ಚಂದ ಇದೆ ಮೇಷ್ಟ್ರೇ. ಬಿದ್ದದ್ದು ಎಷ್ಟು ಅಡಿ?"

ಅದನ್ನು ಬರೆದಿರಲಿಲ್ಲ.

ಅವರೇ ಅಚ್ಚಾದ ನಮೂನೆ ಕೊಟ್ಟರು. ಹೆಸರು, ಆಧಾರ್, ಬ್ಯಾಂಕ್ ಖಾತೆ, ಮನೆ ಕಂದಾಯದ ರಸೀದಿ, ಬಿದ್ದ ಭಾಗದ ಫೋಟೊ. ಎಲ್ಲ ತುಂಬಿದೆ. 'ಹಾನಿಗೆ ಕಾರಣ' ಎಂಬಲ್ಲಿಗೆ ಬಂದಾಗ ವೃತ್ತಿಧರ್ಮ ಜಾಗೃತವಾಗಿ 'ಮಂಗ' ಎಂದು ಬರೆದೆ.

"ಮೇಷ್ಟ್ರೇ, ಮಂಗ ವಿಕೋಪದ ಪಟ್ಟಿಲಿಲ್ಲ."

"ಏನೇನಿದೆ?"

ಅವರು ಓದಿದರು: ಚಂಡಮಾರುತ, ಬರ, ಭೂಕಂಪ, ಬೆಂಕಿ, ನೆರೆ, ಸುನಾಮಿ, ಆಲಿಕಲ್ಲು ಮಳೆ, ಭೂಕುಸಿತ, ಹಿಮಕುಸಿತ, ಮೇಘಸ್ಫೋಟ, ಕೀಟಬಾಧೆ, ಹಿಮ ಮತ್ತು ಶೀತಗಾಳಿ. ಹನ್ನೆರಡು ಬಾಬತ್ತು. ಸುನಾಮಿ ಘಟ್ಟ ಹತ್ತಿ ನಮ್ಮ ಕೇರಿಗೆ ಬಂದರೂ, ಹಿಮಾಲಯ ನಮ್ಮ ಹಿತ್ತಿಲಿಗೆ ಉರುಳಿದರೂ ಸರ್ಕಾರ ತಯಾರಾಗಿತ್ತು. ದಿನಾ ಬರುವ ಮಂಗನಿಗೆ ಜಾಗವಿರಲಿಲ್ಲ.

"ಕೀಟಬಾಧೆ ಅಂತ ಹಾಕಬಹುದಾ?"

"ಕೀಟ ಅಷ್ಟು ದೊಡ್ಡದಿರಲ್ಲ ಮೇಷ್ಟ್ರೇ. ಸುಮ್ಮನೆ ಮಳೆ ಅಂತ ಬರೀರಿ."

ಹಂಚು ಒಡೆದದ್ದು ಮಂಗ, ನೀರು ತಂದದ್ದು ಮಳೆ, ಗೋಡೆ ಕರಗಿದ್ದು ನೀರಿಗೆ. ಹಾಗಾದರೆ ಕರ್ತೃ ಯಾರು, ಕಾರಣ ಯಾವುದು ಎಂದು ನಾನು ಕಾರಕ ವಿಭಕ್ತಿಗಳ ನೆರವಿನಿಂದ ವಿವರಿಸಲು ತೊಡಗಿದೆ. ಹಿಂದೆ ಸರದಿಯಲ್ಲಿ ನಿಂತಿದ್ದ ಅಜ್ಜಿಯೊಬ್ಬರು, "ಮಳೆ ಅಂತ ಬರಿ ಮಗಾ, ನಂಗೆ ಬಸ್ಸಿದೆ" ಎಂದರು. ಬರೆದೆ.

ಸಾಹೇಬರು ಪರಿಶೀಲನೆಗೆ ಬರುತ್ತಾರೆಂದು ಹಿಂದಿನ ಸಂಜೆ ಫೋನು ಬಂತು. ಇಂಜಿನಿಯರೂ ಜೊತೆಗಂತೆ. ನಮ್ಮ ಮನೆಗೆ ಅಷ್ಟು ದೊಡ್ಡವರು ಬಂದದ್ದು ಅದೇ ಮೊದಲು. ಬಿದ್ದ ಮಣ್ಣನ್ನೆಲ್ಲ ಬುಟ್ಟಿಯಲ್ಲಿ ಹೊತ್ತು ತೋಟಕ್ಕೆ ಹಾಕಿದೆವು. ಗೋಡೆಯ ಕರಗಿದ ಅಂಚು ನೋಡಲು ಅಸಹ್ಯವೆಂದು ನಾನೇ ಕೆಸರು ಮೆತ್ತಿ ನುಣುಪು ಮಾಡಿದೆ. ಬಿರುಕು ಬಿಟ್ಟ ಇನ್ನೊಂದು ಗೋಡೆಗೆ ಮಗಳು ದೊಡ್ಡದೊಂದು ಕ್ಯಾಲೆಂಡರು ತೂಗುಹಾಕಿದಳು. ಹೆಂಡತಿ ನೆಲಕ್ಕೆ ಸಗಣಿ ಸಾರಿಸಿ ರಂಗೋಲಿ ಎಳೆದಳು. ಬೆಳಗಿನ ಹೊತ್ತಿಗೆ, ಇಲ್ಲೊಂದು ಗೋಡೆ ಇತ್ತೆಂದು ನಾವು ಬೆರಳು ತೋರಿಸಿ ಹೇಳಬೇಕಿತ್ತು.

ಸಾಹೇಬರು ಕಷಾಯ ಕುಡಿದರು. "ಮನೆ ಎಷ್ಟು ಚಂದ ಇಟ್ಕೊಂಡಿದ್ದೀರಿ!" ಎಂದರು. ಹೆಂಡತಿಯ ಮುಖ ಅರಳಿತು. ಇಂಜಿನಿಯರು ಟೇಪು ಹಿಡಿದು ಉದ್ದ, ಅಗಲ, ಎತ್ತರ ಅಳೆದು, ಗುಣಿಸಿ, ಭಾಗಿಸಿ, ಫಲಿತಾಂಶ ಹೇಳಿದರು: "ಶೇಕಡಾ 14."

"ಸಾರ್, ಇನ್ನೊಂದು?"

"ಇದ್ದಷ್ಟೇ ಅಲ್ವಾ ಬರೆಯೋದು?"

"ಎಸ್ಸೆಸ್ಸೆಲ್ಸಿಲಿ ನಾವು ಗ್ರೇಸ್ ಮಾರ್ಕ್ಸ್ ಕೊಡ್ತೀವಿ ಸಾರ್."

ಸಾಹೇಬರು ನಕ್ಕರು. ಇಂಜಿನಿಯರಿಗೆ ಎಸ್ಸೆಸ್ಸೆಲ್ಸಿ ಕನ್ನಡದಲ್ಲಿ ಎಷ್ಟು ಬಂದಿತ್ತೋ, ನಗಲಿಲ್ಲ. ಹೋಗುವಾಗ ನನಗೆ ಒಂದು ಸಂದೇಹ ಉಳಿದಿತ್ತು, ಕೇಳಿದೆ. ವಸತಿ ಯೋಜನೆಯಲ್ಲಿ ನನ್ನದು ಪಕ್ಕಾ ಮನೆಯಾಗಿತ್ತಲ್ಲ, ಇಲ್ಲಿ ಏನೆಂದು ಬರೆದಿರಿ? "ಮಣ್ಣಿನ ಗೋಡೆ ಅಲ್ವಾ? ಕಚ್ಚಾ." ಹೀಗೆ, ಕೊಡುವಾಗ ಪಕ್ಕಾ ಆಗಿ ತಪ್ಪಿಸಿಕೊಂಡ ಮನೆ, ಹಾನಿಯ ಲೆಕ್ಕಕ್ಕೆ ಕಚ್ಚಾ ಆಗಿಯೂ ಫೇಲಾಯಿತು.

ಪಕ್ಕದ ಮನೆಯ ಭಾವ ಬೇಲಿಯಾಚೆಯಿಂದ ಎಲ್ಲ ಕೇಳಿಸಿಕೊಂಡಿದ್ದ. "ಒಂದು ಪರ್ಸೆಂಟ್ ಅಲ್ದಾ ಭಾವ? ಹಾರೆ ಇಲ್ಲಿದೆ. ರಾತ್ರಿ ನಾನೇ ಬಂದು ತಳ್ಳಿ ಕೊಡ್ತೇನೆ. ಮತ್ತೆ ಅಳೆಸು." ನಾನು ಬೇಡವೆಂದೆ. ಸತ್ಯ ಹರಿಶ್ಚಂದ್ರನ ಪಾಠ ಮಾಡುವವನು ಎಂಬುದು ಒಂದು ಕಾರಣ. ಒಂದು ಪರ್ಸೆಂಟ್ ತಳ್ಳಲು ಹೋದರೆ ಉಳಿದ 85 ಕೂಡ ಬಂದೀತೆಂಬುದು ಮುಖ್ಯ ಕಾರಣ. ಮುಂದೆ ಪುಷ್ಯ ಮಳೆಗೆ ದೇವರೇ ಮನಸ್ಸು ಮಾಡಿದ. ಆದರೆ ಜಾಗ ತಪ್ಪಿದ. ಬಚ್ಚಲು ಬಿತ್ತು. ನಮ್ಮ ಬಚ್ಚಲು ಮನೆಯಿಂದ ನಾಲ್ಕು ಹೆಜ್ಜೆ ಆಚೆ, ಬೇರೆ ಮಾಡಿನ ಕೆಳಗೆ. ಓಡಿ ಹೋಗಿ ವಿಚಾರಿಸಿದರೆ, "ಅದು ವಾಸದ ಮನೆ ಲೆಕ್ಕಕ್ಕೆ ಬರಲ್ಲ. ದನದ ಕೊಟ್ಟಿಗೆ ಆಗಿದ್ರೆ ಒಂದು ಕಾಲಂ ಇತ್ತು" ಎಂದರು. ಆ ಮಳೆಗಾಲ ಇಡೀ ಟಾರ್ಪಾಲು ಸುತ್ತಿಕೊಂಡ ನಾಲ್ಕು ಗೂಟದ ನಡುವೆ ಸ್ನಾನ ಮಾಡುವಾಗ, ಕೊಟ್ಟಿಗೆಯಿಂದ ನಮ್ಮ ಹಸು ನನ್ನನ್ನು ನೋಡುತ್ತಿದ್ದ ರೀತಿಯಲ್ಲಿ ಸ್ವಲ್ಪ ಬದಲಾವಣೆ ಕಂಡಿತು.

ಇನ್ನು ಬ್ಯಾಂಕು. ಮನೆ ದುರಸ್ತಿ ಸಾಲವನ್ನು ರಿಸರ್ವ್ ಬ್ಯಾಂಕು ಆದ್ಯತಾ ವಲಯಕ್ಕೆ ಸೇರಿಸಿದೆ. 2020ರ ನಿಯಮದಂತೆ ಮಹಾನಗರಗಳಲ್ಲಿ 10 ಲಕ್ಷ, ಉಳಿದೆಡೆ 6 ಲಕ್ಷದವರೆಗೆ ಆಗ ಅವಕಾಶವಿತ್ತು. ಇದನ್ನು ನಾನು ಪತ್ರಿಕೆಯಲ್ಲಿ ಓದಿ, ಕತ್ತರಿಸಿ, ಜೇಬಿನಲ್ಲಿಟ್ಟುಕೊಂಡು ಹೋದೆ. ಮ್ಯಾನೇಜರು ಚೂರನ್ನು ಗೌರವದಿಂದ ಓದಿದರು. "ಆದ್ಯತೆ ಖಂಡಿತ ಇದೆ ಸಾರ್. ದಾಖಲೆ ಕೊಡಿ" ಎಂದು ಪಟ್ಟಿ ಕೊಟ್ಟರು. ಸಂಬಳದ ಚೀಟಿ: ಅತಿಥಿಗಳಿಗೆ ಅದು ಸಿಗುವುದಿಲ್ಲ. ಜಾಮೀನುದಾರ: ಸ್ಟಾಫ್ ರೂಮಿನಲ್ಲಿ ಆ ಮಾತೆತ್ತಿದ ದಿನದಿಂದ ಕಾಯಂ ಶಿಕ್ಷಕರೆಲ್ಲ ನನ್ನನ್ನು ಕಂಡರೆ ತರಗತಿಗೆ ಹೊರಡತೊಡಗಿದರು, ಅಷ್ಟು ಸಮಯಪಾಲನೆ ಆ ಶಾಲೆಯಲ್ಲಿ ಹಿಂದೆಂದೂ ಇರಲಿಲ್ಲ. ಇ-ಸ್ವತ್ತಿನ ನಮೂನೆ 9 ಮತ್ತು 11: ತೆಗೆಸಲು ಹೋದರೆ ಮನೆ ಇನ್ನೂ ಅಜ್ಜನ ಹೆಸರಿನಲ್ಲೇ ಇತ್ತು.

ಪೌತಿ ಖಾತೆ ಆಗಬೇಕು. ಅದಕ್ಕೆ ವಂಶವೃಕ್ಷ ಬೇಕು. ವೃಕ್ಷದ ಪ್ರತಿ ಕೊಂಬೆಯ ಒಪ್ಪಿಗೆಯೂ ಬೇಕು. ಅಪ್ಪನ ಅಣ್ಣ, ತಮ್ಮ, ತಂಗಿಯರ ಮಕ್ಕಳಿಗೆಲ್ಲ ಫೋನು ಮಾಡಿದೆ. ಗೋಡೆ ಬಿದ್ದಿದೆ ಎಂದಾಗ ಎಲ್ಲರೂ "ಛೇ ಛೇ" ಎಂದರು. ಸಹಿ ಬೇಕು ಎಂದಾಗ ಎಲ್ಲರೂ ಸುಮ್ಮನಾದರು. ಅಲ್ಲಿಯ ತನಕ ಆ ಮನೆಯಲ್ಲಿ ತಮಗೊಂದು ಪಾಲಿದೆ ಎಂದು ಯಾರಿಗೂ ನೆನಪಿರಲಿಲ್ಲ, ನಾನೇ ನೆನಪಿಸಿದ ಹಾಗಾಯಿತು. ಬೆಂಗಳೂರಿನ ದಾಯಾದಿ ವಕೀಲರನ್ನು ಕೇಳಿ ಹೇಳುತ್ತೇನೆಂದ. ಮುಂಬಯಿಯ ಅತ್ತೆ, "ಅಪ್ಪಯ್ಯನ ಬೀಟೆ ಪೆಟ್ಟಿಗೆ ಈಗಲೂ ಅಲ್ಲೇ ಇದೆಯಾ?" ಎಂದು ಕೇಳಿದರು. ಇದೆ ಎಂದೆ. "ಹಾಗಾದರೆ ಬರ್ತೇನೆ" ಎಂದರು. ಬಂದರು. ಸೋರುವ ಕೋಣೆಯಲ್ಲಿ ಮೂರು ರಾತ್ರಿ ಪಾತ್ರೆಗಳ ನಡುವೆ ಮಲಗಿ, ಮನೆಯನ್ನು ಹೀಗೆ ಹಾಳು ಬಿಡಬಾರದು ಎಂದು ನನಗೆ ಬುದ್ಧಿ ಹೇಳಿ, ಪೆಟ್ಟಿಗೆ ಸಮೇತ ಹೊರಟರು. ಸಹಿ ಹಾಕಿದರೇ? ಪೆನ್ನು ಪೆಟ್ಟಿಗೆಯೊಳಗಿತ್ತಂತೆ.

ಮ್ಯಾನೇಜರು ಒಳ್ಳೆಯವರು. ನನ್ನನ್ನು ಬರಿಗೈಯಲ್ಲಿ ಕಳಿಸಲು ಮನಸ್ಸಾಗದೆ ಒಂದು ವಿಷಯ ಹೇಳಿದರು. ದುರಸ್ತಿ ಸಾಲದ ಬಡ್ಡಿಗೆ ವರ್ಷಕ್ಕೆ 30,000 ರೂಪಾಯಿ ತನಕ ಆದಾಯ ತೆರಿಗೆಯಲ್ಲಿ ವಿನಾಯಿತಿ ಇದೆಯಂತೆ. ನಾನು ಬಹಳ ಸಂತೋಷವೆಂದೆ. ಸಾಲ, ಬಡ್ಡಿ, ಆದಾಯ, ತೆರಿಗೆ, ಈ ನಾಲ್ಕು ಸಿಕ್ಕಿದ ಕೂಡಲೇ ವಿನಾಯಿತಿಯನ್ನೂ ತೆಗೆದುಕೊಳ್ಳುವುದಾಗಿ ಮಾತು ಕೊಟ್ಟೆ. ಅವರು ಮತ್ತೆ, "ಮನೇಲಿ ಬಂಗಾರ ಇದ್ರೆ ಇಷ್ಟೆಲ್ಲ ಯಾಕೆ ಸಾರ್? ಅರ್ಧ ಗಂಟೆ ಕೆಲಸ" ಎಂದರು.

ಇತ್ತು. ಅಜ್ಜಿಯ ಗುಂಡಿನ ಸರ. ಅದು ನಮ್ಮ ಮನೆತನದ ಪುರಾಣ. ಕಷ್ಟ ಬಂದಾಗಲೆಲ್ಲ ಅಮ್ಮ, "ಗುಂಡಿನ ಸರ ಇದೆಯಲ್ಲ" ಎನ್ನುತ್ತಿದ್ದಳು. ಆ ಧೈರ್ಯದಲ್ಲಿ ನಾವು ಎಷ್ಟೋ ಕಷ್ಟಗಳನ್ನು ಸರ ತೆಗೆಯದೆಯೇ ದಾಟಿದ್ದೆವು. ಬ್ಯಾಂಕಿಗೆ ಬರುವ ಅಕ್ಕಸಾಲಿಗರು ಅದನ್ನು ಅಂಗೈಯಲ್ಲಿ ತೂಗಿ, ಒಂದು ಗುಂಡನ್ನು ಬೆರಳಲ್ಲಿ ಒತ್ತಿ, ಮೂಸಿದರು.

"ಒಳಗೆ ಅರಗು ಸ್ವಾಮಿ. ಮೇಲಿಂದು ಬಂಗಾರದ ತಗಡು."

"ಎಷ್ಟು ಅರಗು?"

"ಬಂಗಾರಕ್ಕಿಂತ ಅರಗೇ ಗಟ್ಟಿಯಾಗಿದೆ."

ತೂಕದಲ್ಲಿ ಅರಗು ಕಳೆದರು. ಶುದ್ಧತೆಯಲ್ಲಿ ಇನ್ನಷ್ಟು ಕಳೆದರು. ಉಳಿದ ಬೆಲೆಯಲ್ಲಿ ಸಾಲ ಕೊಡಬಹುದಾದದ್ದು ಹೆಚ್ಚೆಂದರೆ ಶೇ 75, ಅದು ರಿಸರ್ವ್ ಬ್ಯಾಂಕಿನ ಆಗಿನ ಕಟ್ಟು. ಎಲ್ಲ ಮುಗಿದಾಗ ಮೂರು ತಲೆಮಾರಿನ ಧೈರ್ಯಕ್ಕೆ ಸಿಕ್ಕಿದ್ದು 18,000 ರೂಪಾಯಿ. ಅಕ್ಕಸಾಲಿಗರ ಶುಲ್ಕ ಬೇರೆ. ಅಮ್ಮನಿಗೆ ಈ ಸಂಗತಿ ಹೇಳಲಿಲ್ಲ. ಅವಳು ಈಗಲೂ ನೆರೆಯವರ ಕಷ್ಟಕ್ಕೆ ಮರುಗುವಾಗ, "ನಮಗಾದ್ರೆ ಗುಂಡಿನ ಸರ ಇದೆ" ಎನ್ನುತ್ತಾಳೆ.

ಆ ಹೊತ್ತಿಗೆ ನನ್ನ ಅವಸ್ಥೆ ಪೇಟೆಗೆಲ್ಲ ಗೊತ್ತಾಗಿತ್ತು. ಮೈಕ್ರೋ ಫೈನಾನ್ಸಿನ ಹುಡುಗನೊಬ್ಬ ಬೈಕಿನಲ್ಲಿ ಬಂದು, ಅಡಮಾನ ಬೇಡ, ಕಾಗದ ಬೇಡ, ಆಧಾರ್ ಕಾರ್ಡು ಸಾಕು ಎಂದ. ಕಂತಿನ ಲೆಕ್ಕ ಕೇಳಿದಾಗ ಮಾತ್ರ ಮಾತು ತಿರುಗಿಸಿದ. 2022ರ ಏಪ್ರಿಲ್‌ನಿಂದ ಜಾರಿಗೆ ಬಂದ ನಿಯಮದಲ್ಲಿ, ಎಲ್ಲ ಸಾಲದ ಕಂತೂ ಸೇರಿ ಮನೆಯ ತಿಂಗಳ ಆದಾಯದ ಅರ್ಧ ದಾಟಬಾರದು ಎಂದಿದೆ. ನನ್ನ ಆದಾಯದ ಅರ್ಧ ಮೊದಲೇ ಅಕ್ಕಿ ಅಂಗಡಿಗೆ ಬರೆದಿಟ್ಟಾಗಿತ್ತು. ಇನ್ನೊಬ್ಬರು ಮೀಟರ್ ಬಡ್ಡಿಯವರು, ಚಹಾದ ಅಂಗಡಿಯಲ್ಲಿ ಪ್ರೀತಿಯಿಂದ ಹೆಗಲ ಮೇಲೆ ಕೈ ಹಾಕಿ, "ಮೇಷ್ಟ್ರಿಗೆ ಇಲ್ಲ ಅನ್ನೋಕಾಗ್ತದಾ?" ಎಂದರು. ಕೈ ತೆಗೆಯಲು ನಾನು ಎರಡು ಚಹಾ ಕೊಡಿಸಬೇಕಾಯಿತು. ಇಂಥ ಕೈಗಳಿಂದ ರಾಜ್ಯದಲ್ಲಿ ಎಷ್ಟು ಮನೆಗಳು ನಲುಗಿದವೆಂದರೆ, 2025ರಲ್ಲಿ ಬಲವಂತದ ವಸೂಲಿ ತಡೆಯಲು ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು.

ನಾನು ಹೀಗೆ ದಾಖಲೆಗಳ ಕಾಡಿನಲ್ಲಿದ್ದಾಗ ಹೆಂಡತಿ ಮಾಮೂಲಿನಂತೆ ವಾರಕ್ಕೊಮ್ಮೆ ಸಂಘಕ್ಕೆ ಹೋಗಿ ಬರುತ್ತಿದ್ದಳು. ಸ್ವಸಹಾಯ ಸಂಘವೆಂದರೆ ಹೆಂಗಸರು ಸೇರಿ ಹತ್ತಿಪ್ಪತ್ತು ರೂಪಾಯಿ ಇಟ್ಟು ಊರ ಸುದ್ದಿ ಹಂಚಿಕೊಳ್ಳುವ ಜಾಗ ಎಂದು ನಾನು ತಿಳಿದಿದ್ದೆ. ಹಾಗೆಂದು ಒಂದು ಹಾಸ್ಯಭಾಷಣವನ್ನೂ ಮಾಡಿ ಚಪ್ಪಾಳೆ ಗಿಟ್ಟಿಸಿದ್ದೆ. 1980ರ ದಶಕದಲ್ಲಿ ಕರ್ನಾಟಕದ ಹಳ್ಳಿಗಳಲ್ಲಿ ಮೈರಾಡ ಸಂಸ್ಥೆ ಇಂಥ ಗುಂಪುಗಳನ್ನು ಕಟ್ಟಿತೆಂದೂ, 1992ರಲ್ಲಿ ನಬಾರ್ಡ್ ಅವನ್ನು ಬ್ಯಾಂಕಿಗೆ ಜೋಡಿಸಿತೆಂದೂ, ಅಲ್ಲಿ ಪೌತಿ ಖಾತೆ ಕೇಳದೆ ಸಾಲ ಸಿಗುತ್ತದೆಂದೂ ಭಾಷಣಕ್ಕೆ ಮೊದಲು ಯಾರೂ ಹೇಳಿರಲಿಲ್ಲ. ಹೆಂಡತಿ ಹೇಳಬಹುದಿತ್ತು. "ನೀವು ಕೇಳಲಿಲ್ಲ. ಅರ್ಜಿ ಬರೀತಿದ್ರಿ" ಎಂದಳು.

ಸಂಘದಿಂದ ಮೂವರು ಹೆಂಗಸರು ಮನೆ ನೋಡಲು ಬಂದರು. ಟೇಪು ತಂದಿರಲಿಲ್ಲ. ಒಬ್ಬಾಕೆ ಮಾಡಿನ ಕೆಳಗೆ ನಿಂತು ಆಚಾರ್ರ ಲೆಕ್ಕ ಓದಿಸಿದಳು.

"ಪೂರ್ತಿ ಮಾಡು ಯಾಕೆ ಬಿಚ್ಚದು? ಜಗಲಿ ಕಡೆ ಗಟ್ಟಿ ಇದೆಯಲ್ಲ. ಹೊಸ ಹಂಚು ಎಂತಕ್ಕೆ? ಪೇಟೆ ಹತ್ರ ಹಳೇ ಮನೆ ಕೆಡವಿ ಆರ್‌ಸಿಸಿ ಮಾಡ್ತಿದ್ದಾರೆ, ಅರ್ಧ ಬೆಲೆಗೆ ಸಿಗ್ತದೆ. ಕೊಟ್ಟಿಗೆ ಬದಿಗೆ ರೀಪು ಬ್ಯಾಡ, ಅಡಿಕೆ ದಬ್ಬೆ ಸಾಕು."

ಅಂಗಳ ದಾಟುವಷ್ಟರಲ್ಲಿ 1,10,000 ಇದ್ದದ್ದು 60,000ಕ್ಕೆ ಇಳಿಯಿತು. ಇಷ್ಟು ತಿಂಗಳು ನಾನು ಹುಡುಕಿದ್ದು ದುಡ್ಡನ್ನು. ಅವರು ಮೊದಲು ಹುಡುಕಿದ್ದು ಯಾವುದಕ್ಕೆ ದುಡ್ಡು ಬೇಡ ಎಂಬುದನ್ನು. ಮತ್ತೊಬ್ಬಾಕೆ ಪುಸ್ತಕ ತೆರೆದು ಕೇಳಿದಳು:

"ಮೇಷ್ಟ್ರ ಸಂಬಳ ಸರಿಯಾಗಿ ಬರ್ತದಾ?"

"ಇಲ್ಲ. ಅದನ್ನ ಲೆಕ್ಕಕ್ಕೇ ಹಿಡೀಬ್ಯಾಡಿ" ಎಂದಳು ಹೆಂಡತಿ.

ಪಂಚಾಯ್ತಿಯಲ್ಲಿ ಹೆಚ್ಚಾಗಿದ್ದ, ಬ್ಯಾಂಕಿನಲ್ಲಿ ಕಡಿಮೆಯಾಗಿದ್ದ ನನ್ನ ಆದಾಯ ಇಲ್ಲಿ ಯಾವ ತೊಂದರೆಯನ್ನೂ ಮಾಡಲಿಲ್ಲ. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲೇ ಇಲ್ಲ. ಹಸುವಿನ ಹಾಲು, ಹೆಂಡತಿಯ ಹೊಲಿಗೆ, ಎರಡನ್ನೂ ನೋಡಿ 45,000 ಸಾಲ ಮಂಜೂರಾಯಿತು. ಅಜ್ಜಿಯ ಅರಗಿನಿಂದ ಬಂದ 18,000 ಅದಕ್ಕೆ ಕೂಡಿತು. ತಪ್ಪಿದರೆ ಸಂಘದ ಹೆಂಗಸರೆಲ್ಲ ಹೊಣೆ. ಕಂತಿನ ದಿನ ಹತ್ತಿರ ಬಂದಾಗ ಅಷ್ಟೂ ಹೆಂಗಸರು ದಾರಿಯಲ್ಲಿ ಸಿಕ್ಕಿ, "ಆರಾಮಾ ಮೇಷ್ಟ್ರೇ?" ಎಂದು ಕೇಳುವಾಗ ಯಾವ ವಸೂಲಿ ಸಾಹೇಬರಿಗೂ ಇಲ್ಲದ ಗಾಂಭೀರ್ಯ ಅದರಲ್ಲಿರುತ್ತದೆ.

2023ರ ಮಾರ್ಚಿನಲ್ಲಿ ಮಾಡು ಬಿಚ್ಚಿದೆವು. ಕೂಲಿ ಉಳಿಸಲು ಮುಯ್ಯಾಳು. ಕೇರಿಯ ಎಂಟು ಹತ್ತು ಜನ ಬಂದರು. ಮನೆಯ ಯಜಮಾನ ಕೆಳಗೆ ನಿಂತರೆ ಚಂದವಲ್ಲವೆಂದು ನಾನೂ ಪಂಚೆ ಎತ್ತಿ ಕಟ್ಟಿ ಮೇಲೇರಿದೆ. ಹಂಚಿನ ಮೇಲೆ ನಡೆಯುವುದಕ್ಕೆ ಒಂದು ವಿದ್ಯೆ ಇದೆ, ಪಕಾಸಿನ ನೇರಕ್ಕೆ ಕಾಲಿಡಬೇಕು. ನಾನು ವ್ಯಾಕರಣದ ನೇರಕ್ಕೆ ಇಟ್ಟೆ. ಮೊದಲ ಹೆಜ್ಜೆಗೆ ಒಂದು, ಎರಡನೆಯದಕ್ಕೆ ಮೂರು ಹಂಚು ಒಡೆದು, ಎಡಗಾಲು ಅಡುಗೆಮನೆಯೊಳಗೆ ಇಳಿಯಿತು. ಕೆಳಗೆ ಪಾಯಸ ತೊಳಸುತ್ತಿದ್ದ ಅಮ್ಮ ತಲೆಯೆತ್ತಿ, "ಇವತ್ತು ಮಂಗ ದೊಡ್ಡದು ಬಂದಿದೆ" ಎಂದಳು. ಆಚಾರ್ರು ಕೈಮುಗಿದು, "ಮೇಷ್ಟ್ರೇ, ನೀವು ಇಳಿದು ಚಹಾ ನೋಡ್ಕೊಳಿ. ಸಂಘದ ದುಡ್ಡು, ಲೆಕ್ಕ ಕೊಡಬೇಕು" ಎಂದರು. ಚಹಾ ಚೆನ್ನಾಗಿ ಆಗಿತ್ತೆಂದು ಎಲ್ಲರೂ ಹೇಳಿದರು. ಬಚ್ಚಲು ಮಾತ್ರ ಮರು ವರ್ಷಕ್ಕೆ ಉಳಿಯಿತು. ಆ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿಯ 2,000 ರೂಪಾಯಿ ಶುರುವಾದ ಮೇಲೆ ಹೆಂಡತಿ ಅದನ್ನು ಕೂಡಿಟ್ಟು ಗೋಡೆ ಎಬ್ಬಿಸಿದಳು. ಯೋಜನೆಯ ಕಾಗದದಲ್ಲಿ ಮನೆಯ ಯಜಮಾನಿ ಎಂದು ಸರ್ಕಾರವೇ ಅವಳ ಹೆಸರು ಬರೆದಿದೆ. ನಾನು ಮೇಲ್ಮನವಿ ಸಲ್ಲಿಸಿಲ್ಲ.

ಮಾಡು ಮುಗಿದ ಕೆಲವು ದಿನಕ್ಕೆ ಪಂಚಾಯ್ತಿಯ ಬಿಲ್ ಕಲೆಕ್ಟರು ಬಂದರು. ಅಂಗಳದಲ್ಲೇ ನಿಂತು ಕಣ್ಣು ಕಿರಿದು ಮಾಡಿ ನೋಡಿ, "ಮನೆ ಜೋರಾಗಿದೆ ಮೇಷ್ಟ್ರೇ, ಕಂದಾಯ ಪರಿಷ್ಕರಣೆ ಮಾಡಬೇಕಾಗ್ತದೆ" ಎಂದರು. ಇದಕ್ಕೆ ಅರ್ಜಿ ಬೇಕಾಗಲಿಲ್ಲ, ವಂಶವೃಕ್ಷ ಬೇಕಾಗಲಿಲ್ಲ, ಇಂಜಿನಿಯರೂ ಬೇಕಾಗಲಿಲ್ಲ. ಇಷ್ಟು ಓಡಾಟದಲ್ಲಿ ಒಂದೇ ಭೇಟಿಗೆ ಮಂಜೂರಾದ ಏಕೈಕ ಕಡತ ಅದು.

ಆದರೂ ನನ್ನ ವಿದ್ಯೆ ದಂಡವಾಗಲಿಲ್ಲ. ಯಾವ ಕಚೇರಿಯಲ್ಲಿ ಏನು ಕೇಳುತ್ತಾರೆ ಎಂಬುದು ಈಗ ಊರಲ್ಲಿ ನನ್ನಷ್ಟು ಯಾರಿಗೂ ಗೊತ್ತಿಲ್ಲ. ಗೋಡೆ ಬಿದ್ದವರು ಬೆಳಗಾಗುವ ಮೊದಲು ನಮ್ಮ ಬಾಗಿಲು ತಟ್ಟುತ್ತಾರೆ. ನಾನು ಹೇಳುವುದಿಷ್ಟು: ಮಣ್ಣು ಮುಟ್ಟಬೇಡಿ, ಮೊದಲು ಫೋಟೊ ತೆಗೆಯಿರಿ. ಅವತ್ತೇ ಗ್ರಾಮ ಆಡಳಿತಾಧಿಕಾರಿಗೆ ತಿಳಿಸಿ. ಕಂದಾಯದ ರಸೀದಿ ಹುಡುಕಿ. ಆಧಾರ್ ಜೋಡಿಸಿದ ಖಾತೆಯ ನಂಬರು ಕೊಡಿ. ಸಾಹೇಬರು ಬರುವ ದಿನ ರಂಗೋಲಿ ಹಾಕಬೇಡಿ, ಕ್ಯಾಲೆಂಡರು ತೆಗೆಯಿರಿ. ಮನೆ ಗಟ್ಟಿ ಇರುವಾಗಲೇ ಪೌತಿ ಖಾತೆ ಮಾಡಿಸಿ, ಅತ್ತೆಯಂದಿರಿಗೆ ಪೆಟ್ಟಿಗೆ ನೆನಪಾಗುವ ಮೊದಲು. ಕಳೆದ ಮಳೆಗಾಲ ಪಕ್ಕದ ಮನೆಯ ಭಾವನ ಗೋಡೆ ಬಿದ್ದಾಗ ಅರ್ಜಿ ನಾನೇ ಬರೆದುಕೊಟ್ಟೆ. ಅಡಿ, ಅಗಲ, ತಾರೀಖು, ಮಳೆ. ನಾಲ್ಕೇ ಸಾಲು. ದುಡ್ಡು ಅವನ ಖಾತೆಗೆ ಬಂದೇ ಬಂತು.

ಭಾವ ಸಿಹಿ ತಂದುಕೊಟ್ಟು ಹೋದ ಮೇಲೆ ಹೆಂಡತಿ ಕೇಳಿದಳು: "ನಾಲ್ಕು ಸಾಲಲ್ಲಿ ಮುಗಿಯೋದಾದ್ರೆ ನಮ್ಮನೇದು ಮೂರು ಪುಟ ಯಾಕೆ ಬರೆದ್ರಿ?"

"ಬಿದ್ದದ್ದು ನಮ್ಮನೆ ಅಲ್ಲವೇನೇ? ಸಾಹಿತ್ಯ ಬಂದುಬಿಡ್ತದೆ."